ಕುಂತು ಹೋದವರು

ಲಿಂಗಸುಗೂರು
21 ಜೂನ್ 2025

ಶಿವಕುಮಾರಿ,

ಒಂದು ಸಂಗತಿಯನ್ನು ಬರೆಯದೇ ಬಿಡುವವಳಿದ್ದೆ. ಎರಡು ಸಲ ಕಾಗದ ಹಿಡಿದು ಕೂತು, ಕ್ಷೇಮಸಮಾಚಾರ ಬರೆದು, ಅಲ್ಲಿಗೇ ನಿಲ್ಲಿಸಿ ಹರಿದು ಹಾಕಿದೆ. ಈ ಸಲ ಮೊದಲಿಗೇ ಬರೆದುಬಿಡುತ್ತೇನೆ. ನಮ್ಮಜ್ಜಿ ಗದ್ದೆಮ್ಮ ಸತ್ತಿಲ್ಲ.

ನಿನ್ನ ಕಾದಂಬರಿಯ ಎರಡೂ ಸಂಪುಟಗಳ ಮೊದಲ ಪುಟದಲ್ಲಿ ‘ಕಣ್ಮರೆಯಾದ ಗದ್ದೆಮ್ಮಜ್ಜಿಗೆ, ತನ್ನ ಜನರ ಕೊನೆಯ ಹಾಡನ್ನು ನನಗೆ ಬಿಟ್ಟುಹೋದವಳಿಗೆ’ ಎಂದು ಅಚ್ಚಾಗಿದೆ. ಆಕೆ ಎಲ್ಲಿಗೂ ಹೋಗಿಲ್ಲ. ಮಸ್ಕಿಯಲ್ಲಿ ನಮ್ಮಪ್ಪನ ಮನೆಯಲ್ಲಿದ್ದಾಳೆ. ಎಂಬತ್ತೇಳು ವರ್ಷ. ಬೆಳಿಗ್ಗೆ ಎರಡು ರೊಟ್ಟಿಯನ್ನು ಚಾದಲ್ಲಿ ಅದ್ದಿಕೊಂಡು ತಿನ್ನುತ್ತಾಳೆ, ಸಂಜೆ ಪಕ್ಕದ ಮನೆಯ ಮೈಮುನಾಬಿಯ ಜೊತೆ ಕಟ್ಟೆಯ ಮೇಲೆ ಕೂತು ಇಡೀ ಓಣಿಯ ತಪ್ಪುಗಳನ್ನು ಎತ್ತಿ ಆಡುತ್ತಾಳೆ.

ನಿನ್ನ ಫೋನ್ ನಂಬರು ಹುಡುಕುವುದು ಕಷ್ಟವಿರಲಿಲ್ಲ. ಆದರೆ ಪುಸ್ತಕದ ಬೆನ್ನಿಗೆ ಸಿಂಧನೂರಿನ ವಿಳಾಸ ಕೊಟ್ಟು ‘ಲೇಖಕಿ ಕೈಬರಹದ ಪತ್ರಗಳಿಗೆ ಮಾತ್ರ ಉತ್ತರಿಸುತ್ತಾರೆ’ ಎಂದು ಹಾಕಿದ್ದಾರೆ. ಹಾಗಾಗಿ ಇಪ್ಪತ್ನಾಲ್ಕು ವರ್ಷಗಳ ಮೇಲೆ ನನ್ನ ಕೈಬರಹವನ್ನೇ ನೋಡು. ರಾಯಚೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗ ನನ್ನದು ಕಾನ್ವೆಂಟ್ ಕನ್ನಡ ಎಂದು ನೀನು ನಗುತ್ತಿದ್ದೆ. ಈಗಲೂ ಅದೇ ಕನ್ನಡ. ಇಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ.

ಪುಸ್ತಕ ಕೊಟ್ಟವಳು ನಂದಿನಿ ಎಂಬ ವಿದ್ಯಾರ್ಥಿನಿ. “ಮೇಡಂ, ಮೊಸಂಗಿಯರು ಬಿಟ್ಟು ಹೋಗೋದು ಓದಿ ಅತ್ತಬಿಟ್ಟೆ ರೀ” ಎಂದಳು. ಆಕೆ ಜವಳಗೇರಾದವಳು, ನಮ್ಮ ಜನದವಳೇ. ತಾಯಿ ಈಗಲೂ ಕಾಲುವೆ ಗದ್ದೆಗಳಲ್ಲಿ ನಾಟಿ ಹಚ್ಚುತ್ತಾಳೆ. ತನ್ನವರೇ ಹೋಗಿಬಿಟ್ಟರೆಂದು ಬರೆದದ್ದು ಎಂದು ಗೊತ್ತಾಗದೆ ಹುಡುಗಿ ಅತ್ತಿದ್ದಾಳೆ.

ನಾನೂ ಓದಿದೆ, ಸಾವಿರದ ನಲವತ್ತು ಪುಟ. ನಮ್ಮ ಕೇರಿಯನ್ನು ನೋಡಿ ನೀನು ಕಟ್ಟಿದ ಮೊಸಂಗಿಯರು ಚೆಲುವರು. ಎತ್ತರ, ತೆಳು, ಸಾವಿರ ವರ್ಷ ಬಾಳುವವರು, ಕಲ್ಲಿನ ಜೊತೆ ಮಾತಾಡುವವರು. ಇಡೀ ಎರಡು ಸಂಪುಟದಲ್ಲಿ ಒಬ್ಬರೂ ಒಂದು ಸಲವೂ ಉಂಡಿಲ್ಲ. ಹೊಸ ನೀರು ಬರುತ್ತದೆ, ಹೊಸ ರಾಜ ಬರುತ್ತಾನೆ, ಆಗ ತಮ್ಮ ಕಾಲ ಮುಗಿಯಿತೆಂದು ಅವರಿಗೆ ತಾವಾಗಿಯೇ ಗೊತ್ತಾಗುತ್ತದೆ. ಯಾರೂ ಓಡಿಸುವುದಿಲ್ಲ. ಮನೆ ಸಾರಿಸಿ, ದೀಪ ಆರಿಸಿ, ಕಲ್ಲಿನ ಪೀಠಗಳ ಮೇಲೆ ಬೆನ್ನು ನೇರ ಮಾಡಿ ಕೂತು, ಹಾಡುತ್ತಾ ಗಾಳಿಯಲ್ಲಿ ಪಡುವಣಕ್ಕೆ ಹೊರಟುಹೋಗುತ್ತಾರೆ. ರಾಜ ಕೋಟೆಯ ಮೇಲಿಂದ ನೋಡಿ ಒಂದು ಹನಿ ಕಣ್ಣೀರು ಹಾಕುತ್ತಾನೆ. ಒಂದೇ ಹನಿ. ನಾನು ಪುಟ ತಿರುವಿ ಮತ್ತೆ ನೋಡಿದೆ. ಮುಂದಿನ ಅಧ್ಯಾಯದಲ್ಲಿ ಅವರ ನೆಲದಲ್ಲಿ ಭತ್ತದ ನಾಟಿ ನಡೆದಿದೆ.

ಬಾಡಿಗೆಗೆ ಇದ್ದವರು ಕೂಡ ಇಷ್ಟು ಸೌಜನ್ಯದಿಂದ ಮನೆ ಖಾಲಿ ಮಾಡುವುದಿಲ್ಲ, ಶಿವಕುಮಾರಿ.

ಇಂಥ ಮಹಾಕಥನಗಳನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅವುಗಳಲ್ಲಿ ರಾಜನಿಗೆ, ರಾಜನ ಗೆಳೆಯನಿಗೆ, ರಾಜನ ಕುದುರೆಗೆ ಸಾವು ಬರುತ್ತದೆ. ಬಾಣ ಬಿಟ್ಟವನೊಬ್ಬ ಇರುತ್ತಾನೆ, ಅವನ ಮೇಲೆ ಸೇಡು ಇರುತ್ತದೆ. ಜನಾಂಗಕ್ಕೆ ಮಾತ್ರ ಅಸ್ತ ಬರುತ್ತದೆ. ಸೂರ್ಯ ಮುಳುಗಿದ್ದಕ್ಕೆ ಯಾರ ಮೇಲೆ ಕೇಸು ಹಾಕುತ್ತೀ? ಬರೆಯುವವರಿಗೆ ಇದಕ್ಕಿಂತ ಅನುಕೂಲವಾದ ಸಾವು ಇನ್ನೊಂದಿಲ್ಲ.

ನಮ್ಮ ಮನೆಯಲ್ಲಿ ಲಾಲಪ್ಪನ ಮಗ ಗಂಗಾಧರ, ಗಂಗಾಧರನ ಮಗಳು ಸಂಘಮಿತ್ರಾ. ಜೀತದ ಮನೆಯಿಂದ ಸರ್ಕಾರಿ ಕಚೇರಿಗೆ, ಅಲ್ಲಿಂದ ಕಾಲೇಜಿಗೆ. ಇದನ್ನು ನೀನು ಅಸ್ತ ಎನ್ನುತ್ತೀ. ನಾವು ಬಡ್ತಿ ಎನ್ನುತ್ತೇವೆ.

ನಿನ್ನ ನಾಯಕ ಕೊನೆಯ ಮೊಸಂಗಿಯನ್ನು ಹುಡುಕಿಕೊಂಡು ಏಳು ಬೆಟ್ಟ ದಾಟುತ್ತಾನೆ. ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸು. ಹೆಂಗಸರಿಗೆ ಪುಕ್ಕಟೆ. ನಿನಗೆ ಆಧಾರ್ ಕಾರ್ಡು ಸಾಕಿತ್ತು.

ಮೂರನೇ ಸಂಪುಟದಲ್ಲಿ ‘ಕಣ್ಮರೆಯಾದ’ ಎಂಬ ಪದ ತೆಗೆದುಹಾಕು.

ಸಂಘಮಿತ್ರಾ


ಸಿಂಧನೂರು
9 ಜುಲೈ 2025

ಪ್ರೀತಿಯ ಮಿತ್ರಾ,

ನಿನ್ನ ಪತ್ರ ಓದಿ ಕುರ್ಚಿಯಿಂದ ಎದ್ದು ನಿಂತೆ. ಗದ್ದೆಮ್ಮಜ್ಜಿ ಇದ್ದಾಳೆ! ನನ್ನ ಕಥೆಯೊಳಗಿನ ಒಬ್ಬರು ಎದ್ದು ಬಂದ ಹಾಗಾಯಿತು. ನೀನು ಬೈದದ್ದೆಲ್ಲ ನನಗೆ ಕೇಳಿಸಲೇ ಇಲ್ಲ, ಅಷ್ಟು ಸಂತೋಷ.

ತಪ್ಪು ಹೇಗಾಯಿತೆಂದು ಹೇಳಬೇಕು. ಮೊದಲ ಸಂಪುಟ ಬರೆಯುವಾಗ ನಮ್ಮೂರು ಗೊರೇಬಾಳಕ್ಕೆ ಹೋಗಿ, ಚಿಕ್ಕಂದಿನಲ್ಲಿ ಎಂದೂ ಕಾಲಿಡದ ನಿಮ್ಮ ಕೇರಿಯ ಸಾಲಿನಲ್ಲಿ ಒಬ್ಬಳೇ ನಡೆದೆ. ನಿಮ್ಮ ಮನೆ ಇದ್ದ ಕಡೆ ಗೋಡೆ ಮಾತ್ರ ಉಳಿದಿತ್ತು, ಜಾಲಿ ಬೆಳೆದಿತ್ತು. ಗಾಳಿ ಬೀಸುತ್ತಿತ್ತು. ಯಾರನ್ನೂ ಕೇಳಬೇಕೆನಿಸಲಿಲ್ಲ. ಒಂದು ಜನದ ಕತೆ ಮುಗಿದಿದೆ ಎಂದು ಆ ಗೋಡೆಯೇ ಹೇಳಿತು.

ಒಂದು ಮಾತು ಒಪ್ಪಲಾರೆ. ಹೋಗುವುದನ್ನು ನಾನು ಅವಮಾನವೆಂದು ಬರೆದಿಲ್ಲ. ಮಹಾಕಥನದ ನಿಯಮವೇ ಅದು: ಸಾಯದವರು ಹೋಗಬೇಕು, ಸಾಯುವವರು ಉಳಿಯಬೇಕು. ಉಳಿಯುವ ನಮ್ಮ ಪಾಲಿಗೆ ಸಣ್ಣತನ, ಹೋಗುವವರ ಪಾಲಿಗೆ ಘನತೆ. ಎಲ್ಲ ಒಳ್ಳೆಯ ಸಾಲುಗಳನ್ನೂ ಮೊಸಂಗಿಯರಿಗೇ ಕೊಟ್ಟಿದ್ದೇನೆ.

ಈಗ ಕೇಳು. ಡಿಸೆಂಬರಿನಲ್ಲಿ ಕೊನೆಯ ಸಂಪುಟದ ಬಿಡುಗಡೆ, ಸಿಂಧನೂರಿನಲ್ಲೇ. ದೀಪಗಳು ಆರುತ್ತವೆ, ವೇದಿಕೆಯ ಮೇಲೆ ಬಿಳಿ ಸೀರೆಯಲ್ಲಿ ಅಜ್ಜಿ ಒಬ್ಬಳೇ. ಒಂದು ಸಾಲು ಹಾಡಿದರೂ ಸಾಕು. ಜನ ಕೊನೆಯ ಮೊಸಂಗಿಯನ್ನು ಕಣ್ಣಾರೆ ನೋಡಲಿ. ಪುಸ್ತಕಕ್ಕೆ ಹಿನ್ನುಡಿ ನೀನೇ ಬರೆಯಬೇಕು. ಆಕೆಯ ಹಾಡನ್ನು ನನಗೆ ಕೊಟ್ಟವಳು ನೀನೇ ತಾನೆ?

ನಿನ್ನ
ಶಿವಕುಮಾರಿ


ಲಿಂಗಸುಗೂರು
3 ಆಗಸ್ಟ್ 2025

ಶಿವಕುಮಾರಿ,

ಗೋಡೆ ಹೇಳಿತಂತೆ. ಆ ಗೋಡೆಯಿಂದ ನೂರು ಹೆಜ್ಜೆಗೆ ಹುಸೇನ್‌ಸಾಬನ ಚಾದಂಗಡಿ ಇದೆ. ಒಂದು ಕಪ್ಪು ಚಾ ಕುಡಿದಿದ್ದರೆ ಅವನು ನಮ್ಮ ಕೇರಿಯ ಯಾರು ಯಾವ ಊರಲ್ಲಿ, ಯಾವ ಇಲಾಖೆಯಲ್ಲಿ, ಯಾರ ಮಗಳಿಗೆ ಎಷ್ಟು ಮಾರ್ಕು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಆದರೆ ಚಾ ಕುಡಿದರೆ ಕಾವ್ಯ ಹುಟ್ಟುವುದಿಲ್ಲ. ಜಾಲಿಗಿಡ ನೋಡಿದರೆ ಹುಟ್ಟುತ್ತದೆ. ಯಾರನ್ನೂ ಕೇಳದೆ ಒಂದು ಜನವನ್ನು ಮುಗಿಸುವುದಕ್ಕೆ ನಿನಗೆ ಒಂದು ಮಧ್ಯಾಹ್ನ ಸಾಕಾಯಿತು. ಸೈನ್ಯ ಕಟ್ಟಿಕೊಂಡು ಬಂದವರಿಗೂ ಇಷ್ಟು ಬೇಗ ಆಗಿರಲಿಲ್ಲ.

ನಿನ್ನ ವೇದಿಕೆಯ ವಿಷಯ ಅಜ್ಜಿಗೆ ಹೇಳಲೇಬೇಕಾಯಿತು. ಹೋದ ಭಾನುವಾರ ಮಸ್ಕಿಗೆ ಹೋಗಿದ್ದೆ. ಆಕೆ ಕಟ್ಟೆಯ ಮೇಲೆ ಶೇಂಗಾಕಾಯಿ ಸುಲಿಯುತ್ತಿದ್ದಳು. ಅಪ್ಪ ಪೇಪರ್ ಓದುತ್ತಿದ್ದರು.

“ಯಜ್ಜಿ, ಗೊರೇಬಾಳ ಅಯ್ನೋರ ಮನಿ ಶಿವಕುಮಾರಿ ಪುಸ್ತಕ ಬರದಾಳ. ಅದರಾಗ ನೀ ಸತ್ತೀ ಅಂತ ಐತಿ.”

“ಹೌದಾ? ಯಾವಾಗ ಸತ್ನಂತ?”

“ತಾರೀಖು ಹಾಕಿಲ್ಲ.”

“ಹ್ಯಾಂಗ ಸತ್ನಂತ? ಜಡ್ಡು ಬಂತೋ, ಹಾವು ಕಡೀತೋ?”

“ಸುಮ್ನ, ಇಲ್ಲದಂಗ ಆದಿ ಅಂತ.”

“ಸುಮ್ನ ಯಾರರ ಸಾಯ್ತಾರೇನ ಬೇ?” ಕಾಯಿ ಸುಲಿಯುವುದು ನಿಲ್ಲಲಿಲ್ಲ. “ಅತ್ತವರು ಯಾರು?”

“ಓದಿದವರೆಲ್ಲ ಅತ್ತಾರಂತ.”

“ಅವರಿಗೆಲ್ಲ ಜ್ವಾಳ ಯಾರು ಕೊಟ್ರು?”

ಅಪ್ಪ ಪೇಪರ್ ಕೆಳಗಿಟ್ಟರು. “ಆ ಪುಸ್ತಕ ತಹಸೀಲ್ದಾರ್ ಕೈಗೆ ಸಿಕ್ರ ನಿನ್ನ ಪಿಂಚಣಿ ಬಂದ್ ಮಾಡ್ತಾನ ನೋಡಬೇ.”

“ಮಾಡ್ಲಿ ನೋಡಾಮು. ಅವನ ಆಫೀಸ್ ಮುಂದ ಕುಂತು ನಂದೇ ಹೆಣಕ್ಕ ನಾನೇ ಹಾಡ್ತೀನಿ.”

ಕಟ್ಟೆಯ ಆಚೆಯಿಂದ ಮೈಮುನಾಬಿ ನಕ್ಕದ್ದು ಓಣಿಯ ಕೊನೆಗೆ ಕೇಳಿಸಿತು. ನಿನ್ನ ಕೊನೆಯ ಮೊಸಂಗಿಯ ಘನತೆ ಹೀಗಿದೆ. ಬಿಳಿ ಸೀರೆಯ ಮಾತಿಗೆ, “ಬಿಳೀದು ಯಾಕ, ನನಗ ಹಸಿರು ಒಪ್ತೈತಿ” ಎಂದಳು.

ಅಜ್ಜಿ ಜೋಳದ ಮಾತೆತ್ತಿದಳಲ್ಲ, ಅದರ ಅರ್ಥ ನಿನಗೆ ಹೇಳಬೇಕಾಗಿರುವುದೇ ನನಗೆ ಆಶ್ಚರ್ಯ. ನಿಮ್ಮಂಥ ದೊಡ್ಡ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಕೇರಿಗೆ ಆಳು ಬರುತ್ತಿದ್ದ. ನಮ್ಮ ಹೆಂಗಸರು ಹೋಗಿ, ಅಂಗಳದ ಹೊರಗೆ ನಿಂತು, ಸತ್ತವರ ಗುಣ ಹಾಡಿ ಅಳಬೇಕು. ಹೆಣ ಎದ್ದ ಮೇಲೆ ತಲಾ ಎರಡು ಸೇರು ಜೋಳ. ಅಜ್ಜಿಯದು ಸುತ್ತ ಹತ್ತು ಊರಿಗೆ ಹೆಸರಾದ ದನಿ. ಸಾಲಗುಂದದಿಂದಲೂ ಕರೆ ಬರುತ್ತಿತ್ತು.

ಈಗ ನಿನ್ನ ಪುಸ್ತಕದ ‘ಕೊನೆಯ ಹಾಡು’ ತೆಗೆದು ನೋಡು.

ಕುಂತು ಹೊಂಟೆಲ್ಲೋ, ಬೆನ್ನು ಬಾಗಲಿಲ್ಲೋ,
ನೆಳ್ಳು ಮುಂದಾತೋ, ನೀ ಹಿಂದಾದ್ಯೋ,
ಅಗಸಿ ದಾಟಿದ ಮ್ಯಾಲೆ ಹೊಳ್ಳಿ ನೋಡಬ್ಯಾಡೋ,
ನಾವಿದ್ದೀವೋ ಇಲ್ಲೇ, ನಾವಿದ್ದೀವೋ.

ಕೂತು ಹೋಗುವವರು ಯಾರು, ಶಿವಕುಮಾರಿ? ನಮ್ಮವರು ಚಟ್ಟದ ಮೇಲೆ ಮಲಗಿ ಹೋಗುತ್ತಾರೆ. ಅಲಂಕಾರ ಮಾಡಿದ ಪೀಠದಲ್ಲಿ ಬೆನ್ನು ನೇರವಾಗಿ ಕೂತು, ವಿಭೂತಿ ಬಳಿದುಕೊಂಡು, ಕೂತೇ ಮಣ್ಣಿಗೆ ಹೋಗುವವರು ನಿಮ್ಮವರು. ಗೊರೇಬಾಳದಲ್ಲಿ ನಿಮ್ಮ ಸಮಾಧಿಗಳಿರುವುದು ಊರ ಪಡುವಣಕ್ಕೆ. ಬೆಳಿಗ್ಗೆ ಹೊರಟರೆ ನೆರಳು ಮುಂದೆ ಬೀಳುತ್ತದೆ. ಇದು ನಿಮ್ಮಪ್ಪನ ಅಪ್ಪ, ನಿನ್ನ ಮುತ್ಯಾ ಕರಿಬಸಯ್ಯನವರ ಹೆಣಕ್ಕೆ ನಮ್ಮಜ್ಜಿ ಹಾಡಿದ ಹಾಡು. ಸತ್ತವರು ನೀವು. ‘ನಾವಿದ್ದೀವೋ’ ಎಂದವರು ನಾವು. ನೀನು ಅದನ್ನು ತಿರುಗಿಸಿ, ಇನ್ನೂರು ಜನರನ್ನು ಕಲ್ಲುಪೀಠದ ಮೇಲೆ ಕೂರಿಸಿ ಗಾಳಿಗೆ ಬಿಟ್ಟೆ. ಕೊನೆಯ ಸಾಲನ್ನು ಕೋಟೆಯ ಗೋಡೆಗೆ ಬಡಿದು ಮಾಸಿಹೋದ ಪ್ರತಿಧ್ವನಿ ಎಂದು ಬರೆದೆ.

ಸ್ವಂತ ಮುತ್ಯಾನ ಹೆಣ ನಿನ್ನ ಪುಸ್ತಕದೊಳಗೆ ಹಾದುಹೋಗಿದೆ. ನಿನಗೆ ಗುರುತು ಸಿಗಲಿಲ್ಲ. ಹಿನ್ನುಡಿ ಬರೆ ಎನ್ನುತ್ತೀ. ಇದಕ್ಕಿಂತ ಏನು ಬರೆಯಲಿ?

ಸಂಘಮಿತ್ರಾ


ಲಿಂಗಸುಗೂರು
30 ಸೆಪ್ಟೆಂಬರ್ 2025

ಶಿವಕುಮಾರಿ,

ಎರಡು ತಿಂಗಳಾಯಿತು. ನೀನು ಬರೆದಿಲ್ಲ. ಬರೆಯಬೇಕೆಂದು ನಾನು ಹಟ ಹಿಡಿಯುವ ಹಾಗೂ ಇಲ್ಲ.

ಕಳಿಸುವ ಮುಂಚೆ ನನ್ನ ಪತ್ರದ ಜೆರಾಕ್ಸ್ ತೆಗೆದಿಟ್ಟುಕೊಂಡಿದ್ದೆ. ಮೊನ್ನೆ ಓದಿದೆ. ಅಚ್ಚುಕಟ್ಟಾಗಿದೆ. ಒಂದೊಂದು ಸಾಲನ್ನೂ ತೂಗಿ ಹೊಡೆದಿದ್ದೇನೆ. ಅದನ್ನು ಬರೆದ ಹೆಂಗಸು ನನಗೆ ಅಷ್ಟು ಇಷ್ಟವಾಗಲಿಲ್ಲ. ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥ ಆತ್ಮವಿಶ್ವಾಸ ಕಂಡರೆ ನಾನು ಎಲ್ಲಿ ಏನನ್ನು ಮುಚ್ಚಿಟ್ಟಿದ್ದಾರೆಂದು ಹುಡುಕುತ್ತೇನೆ.

ಅಪ್ಪನ ಜೊತೆ ಮಸ್ಕಿಯ ಶಾಸನದ ಬಂಡೆಯ ಕಡೆ ನಡೆದುಹೋಗಿದ್ದೆ. ರಾಜನ ಹೆಸರು ಎರಡು ಸಾವಿರ ವರ್ಷದ ಮೇಲೂ ಅಲ್ಲೇ ಇದೆ. ಕೆತ್ತಿದವನ ಹೆಸರಿಲ್ಲ. ಅಪ್ಪನಿಗೆ ಆ ಬಂಡೆಯ ಮೇಲೆ ಭಕ್ತಿ. ನನಗೂ ಸಂಘಮಿತ್ರಾ ಎಂದು ಆ ರಾಜನ ಮಗಳ ಹೆಸರಿಟ್ಟದ್ದು ಅದೇ ಭಕ್ತಿಯಲ್ಲಿ. ನಾನು ಮಾತ್ರ ಅಲ್ಲಿ ನಿಂತು, ಒಂದು ಹೆಸರು ಬಿಟ್ಟುಹೋಗುವುದು ಎಷ್ಟು ಸುಲಭ ಎಂದು ಯೋಚಿಸುತ್ತಿದ್ದೆ. ಆ ಯೋಚನೆಯನ್ನು ಮುಂದುವರಿಸಲಿಲ್ಲ.

ಈ ಪತ್ರ ನಿಜವಾಗಿ ಅಜ್ಜಿಯದು. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ಆಕಿ ನನಗ ಪುಸ್ತಕದಾಗ ಅತ್ತಾಳಂತಲ್ಲ. ಹ್ಯಾಂಗ ಅಳ್ತಾಳ ನೋಡ್ಬೇಕು, ಬಾ ಅನ್ನು. ಸಿಂಧನೂರಿಗೆ ನಾ ಬರಂಗಿಲ್ಲ. ಆಕೀನ ಬರ್ಲಿ, ನನ್ನ ಮುಂದ ಕುಂತು ಅಳ್ಲಿ. ರಾಗ ತಪ್ಪಿದ್ರ ತಿದ್ದತೀನಿ. ಸತ್ತ ಮ್ಯಾಲೆ ತಿದ್ದಾಕ ಬರಂಗಿಲ್ಲ.”

ನಾನು ನಕ್ಕೆ. ಆಕೆ ನಗಲಿಲ್ಲ.

“ನಗಬ್ಯಾಡ ಬೇ. ಆ ಮನಿಯಾಗ ಮೂರು ಹೆಣಕ್ಕ ಅತ್ತೀನಿ ನಾ. ನಿಮ್ಮ ಮುತ್ಯಾ ಲಾಲಪ್ಪ ಸತ್ತಾಗ ಆ ಮನಿಯಿಂದ ಹೆಣದ ದೀಪಕ್ಕ ಒಂದು ಬಾಟ್ಲಿ ಎಣ್ಣಿ ಬಂತು. ಮನಷ್ಯಾರು ಬರಲಿಲ್ಲ. ನಲವತ್ತು ವರ್ಷ ದುಡದಿದ್ದ ಅಲ್ಲಿ. ಒಬ್ಬಾಕಿಯಾದ್ರೂ ಬಂದು ನಿಂತಿದ್ರ ಆಗ್ತಿತ್ತು. ಈಗ ಒಬ್ಬಾಕಿ ಅಳಾಕ ತಯಾರ್ ಅದಾಳಂದ್ರ ನಾ ಯಾಕ ಬಿಡ್ಲಿ? ನಾ ಇರೂದ್ರೊಳಗ ಬರ್ಲಿ.”

ನಿನ್ನ ಮೂರನೇ ಸಂಪುಟ ಏನಾದರೂ ಆಗಲಿ. ಅಜ್ಜಿಗೆ ಬೇಕಾದದ್ದು ಇಷ್ಟು: ನಿಮ್ಮ ಮನೆಯಿಂದ ಒಬ್ಬರು, ನಮ್ಮ ಮನೆಯ ಅಂಗಳಕ್ಕೆ, ಆಕೆ ಬದುಕಿರುವಾಗ.

ಸಂಘಮಿತ್ರಾ


ಗೊರೇಬಾಳ
19 ನವೆಂಬರ್ 2025

ಮಿತ್ರಾ,

ಈ ಸಲ ಗೊರೇಬಾಳದಿಂದಲೇ ಬರೆಯುತ್ತಿದ್ದೇನೆ. ಅವ್ವನ ಹತ್ತಿರ ಬಂದು ತಿಂಗಳಾಯಿತು.

ನಿನ್ನ ಆಗಸ್ಟಿನ ಪತ್ರವನ್ನು ಮೊದಲ ಸಲ ಓದಿ ನಿನ್ನನ್ನು ಬೈದೆ. ಅಸೂಯೆ ಎಂದುಕೊಂಡೆ. ಇಷ್ಟು ವರ್ಷ ಪರರ ಪುಸ್ತಕ ಪಾಠ ಮಾಡಿದವಳಿಗೆ ಗೆಳತಿಯ ಪುಸ್ತಕ ತಡೆಯಲಾಗಲಿಲ್ಲ ಎಂದುಕೊಂಡೆ. ನಿನ್ನ ಸೆಪ್ಟೆಂಬರಿನ ಪತ್ರ ಬಂದ ಮೇಲೆ, ನೀನು ಹೇಳಿದ್ದು ಸುಳ್ಳೆಂದು ತೋರಿಸುವುದಕ್ಕೇ ಇಲ್ಲಿಗೆ ಬಂದೆ.

ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಆಕೆಗೆ ನನ್ನ ಪುಸ್ತಕಗಳು ಓದಲಾಗುವುದಿಲ್ಲ, ಕಣ್ಣು ಸಾಲದು. ಹಾಡನ್ನು ಮಾತ್ರ ಓದಿ ಹೇಳಿದೆ. ಮೊದಲ ಸಾಲಿಗೇ ಮೊರ ಕೆಳಗಿಟ್ಟಳು.

“ಇದು ನಿಮ್ಮ ಮುತ್ಯಾಂದು.”

“ಅಲ್ಲ, ಇದು ಹೋದ ಮಂದಿ ಹಾಡು” ಎಂದೆ.

“ಯಾರು ಹೇಳಿದ್ರು ನಿನಗ ಇದು ಹೋದ ಮಂದಿ ಹಾಡಂತ? ನೀ ಸಣ್ಣಾಕಿ, ಒಳಗ ಹಾಕಿ ಕದ ಮುಚ್ಚಿದ್ವಿ. ನಾ ಇದೇ ಕಂಬಕ್ಕ ನಿಂತಿದ್ದೆ. ಮಂದಿ ನೋಡ್ತಾರಂತ ಮನಿಯವರು ಯಾರೂ ದನಿ ತಗೀಲಿಲ್ಲ. ಗದ್ದೆವ್ವ ಹೊರಗ ಬಿಸಿಲಾಗ ನಿಂತು ಅತ್ತಳು. ಅಳೂದೆಲ್ಲ ಆಕಿಗೆ ಬಿಟ್ಟು ನಾವು ಊಟಕ್ಕ ಕುಂತ್ವಿ, ತಂಗಿ.”

ಅವ್ವನ ಹೆಸರು ಶಿವಬಸಮ್ಮ ಎಂದು ನಿನಗೆ ನೆನಪಿರಬಹುದು. ಹಾಸ್ಟೆಲಿಗೆ ಚಕ್ಕುಲಿ ಕಳಿಸುತ್ತಿದ್ದಳು. ಅರ್ಧ ನಿನಗೆ ಕೊಡು ಎಂದು ಹೇಳಿ ಕಳಿಸುತ್ತಿದ್ದಳು, ನಮ್ಮ ಮನೆಯೊಳಗೆ ಕರೆದು ತಾ ಎಂದು ಮಾತ್ರ ಹೇಳುತ್ತಿರಲಿಲ್ಲ. ಅದನ್ನು ಈಗ ಆಕೆಯೇ ನೆನೆದು ಹೇಳಿದಳು.

ಪ್ರಕಾಶಕರಿಗೆ ಫೋನ್ ಮಾಡಿ ಮೂರನೇ ಸಂಪುಟ ನಿಲ್ಲಿಸಿದ್ದೇನೆ. ಅವರು ಕೂಗಾಡಿದರು. ಹೋಗುವವರ ಪಾಲಿಗೆ ಘನತೆ ಎಂದು ಬರೆದಿದ್ದೆನಲ್ಲ, ಅದನ್ನು ಓದಿಕೊಂಡರೆ ನನಗೇ ಹೇಸಿಗೆ. ಘನತೆ ಕೊಟ್ಟು ಜಾಗ ತೆಗೆದುಕೊಳ್ಳುವ ವ್ಯಾಪಾರ ಅದು.

ಒಂದು ಕಾಗದ ಜೊತೆಗಿಟ್ಟಿದ್ದೇನೆ. ಹಾಸ್ಟೆಲಿನಲ್ಲಿ ನೀನು ಅಜ್ಜಿಯ ದನಿ ತುಂಬಿಸಿ ತಂದಿದ್ದ ಟೇಪ್ ಕೇಳಿ ಹಾಡನ್ನು ಬರೆದುಕೊಟ್ಟ ನೋಟ್‌ಬುಕ್ಕಿನ ಹಾಳೆಯ ಜೆರಾಕ್ಸ್. ಎಷ್ಟು ದುಂಡಗೆ ಬರೆದಿದ್ದೀ ನೋಡು. ಎರಡನೇ ಸಾಲಿನ ಕೆಳಗೆ ಟೇಪ್ ಸರಿಯಾಗಿ ಕೇಳಿಸದ ಕಡೆ ಊಹಿಸಿ ಬರೆಯದೆ, ಪ್ರಾಮಾಣಿಕವಾಗಿ ಒಂದು ಸಾಲು ಚುಕ್ಕಿ ಇಟ್ಟಿದ್ದೀ. ನಾನಾಗಿದ್ದರೆ ಏನಾದರೂ ತುಂಬಿಬಿಡುತ್ತಿದ್ದೆ. ನನಗೂ ನಿನಗೂ ಅದೇ ವ್ಯತ್ಯಾಸ. ಇದು ನಮ್ಮ ಹಳೇ ಮಂದಿ ಹಾಡು ಎಂದು ನೀನು ಅಂದದ್ದು ನೆನಪಿದೆ. ಗೊರೇಬಾಳದ ಹೊರಗೆ ಬೆಳೆದ ನಿನಗೂ ಆಗ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನನಗೆ ಗೊತ್ತಾಗಬೇಕಿತ್ತು.

ಡಿಸೆಂಬರ್ 14, ಭಾನುವಾರ, ಬೆಳಗಿನ ಬಸ್ಸಿಗೆ ಮಸ್ಕಿಗೆ ಬರುತ್ತೇನೆ. ಅಳುವುದಕ್ಕೆ ಬರುತ್ತದೋ ಇಲ್ಲವೋ. ಅಜ್ಜಿ ತಿದ್ದಲಿ. ಅವ್ವನೂ ಬರುತ್ತೇನೆ ಎನ್ನುತ್ತಿದ್ದಾಳೆ. ಮೊಣಕಾಲು ಬಿಟ್ಟರೆ ಬಂದಾಳು.

ಶಿವಕುಮಾರಿ


ಲಿಂಗಸುಗೂರು
6 ಡಿಸೆಂಬರ್ 2025

ಶಿವಕುಮಾರಿ,

ಟೇಪ್ ಸರಿಯಾಗಿ ಕೇಳಿಸುತ್ತಿತ್ತು.

ಚುಕ್ಕಿ ಇಟ್ಟ ಜಾಗದಲ್ಲಿ ಇದ್ದ ಸಾಲು ಇದು: ‘ಗೊರೇಬಾಳ ಬಿಟ್ಟ್ಯಲ್ಲೋ ಕರಿಬಸಯ್ಯಾ.’

ಅಜ್ಜಿ ಪ್ರತಿ ಹಾಡಿನಲ್ಲೂ ಮೂರನೇ ಸಾಲಿಗೆ ಸತ್ತವರ ಹೆಸರು ತರುತ್ತಾಳೆ. ಹೆಸರಿಲ್ಲದೆ ಅಳುವ ಹಾಡು ಇಲ್ಲ. ಆ ಸಾಲನ್ನು ನಾನು ಕೇಳಿಸಿಕೊಂಡೆ, ಟೇಪನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿಸಿಕೊಂಡೆ, ಆಮೇಲೆ ಚುಕ್ಕಿ ಇಟ್ಟೆ.

ನೀನು ಯಾರನ್ನೂ ಕೇಳಲಿಲ್ಲ ಎಂದು ನಿನ್ನ ಮುಖಕ್ಕೆ ಬರೆದೆ. ಸುಳ್ಳು. ನೀನು ಕೇಳಿದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಮಂಚದ ಮೇಲೆ ಚಕ್ಕುಲಿ ತಿನ್ನುತ್ತಾ, “ಇದು ಯಾವ ಹಾಡು, ಮಿತ್ರಾ?” ಎಂದು ನನ್ನನ್ನೇ ಕೇಳಿದ್ದೆ. ನಮ್ಮಜ್ಜಿ ಎರಡು ಸೇರು ಜೋಳಕ್ಕೆ ನಿಮ್ಮ ಅಂಗಳದ ಹೊರಗೆ ನಿಂತು ನಿನ್ನ ಮುತ್ಯಾನಿಗೆ ಅತ್ತದ್ದು ಎಂದು ನಾನು ಹೇಳಬೇಕಿತ್ತು. ಆ ಕೋಣೆಯಲ್ಲಿ ನಾನು ಗೊರೇಬಾಳದ ಕೇರಿಯವಳಾಗಿರಲಿಲ್ಲ, ಇಂಗ್ಲಿಷ್ ಬಲ್ಲವಳಾಗಿದ್ದೆ. ಆ ವರ್ಷವಷ್ಟೇ ಲೈಬ್ರರಿಯಿಂದ ತಂದ ದಪ್ಪ ಪುಸ್ತಕಗಳಲ್ಲಿ ಹಳೆಯ, ಎತ್ತರದ, ದುಃಖದ ಜನಗಳು ಒಬ್ಬರ ಹಿಂದೊಬ್ಬರು ಲೋಕ ಬಿಟ್ಟು ಹೋಗುವುದನ್ನು ಓದಿದ್ದೆ. ಅಂಥ ಜನದ ಮೊಮ್ಮಗಳಾಗುವುದು ಎಷ್ಟು ಚೆಂದವಿತ್ತು. “ನಮ್ಮ ಹಳೇ ಮಂದಿ ಹಾಡು. ಅವರು ಈಗಿಲ್ಲ” ಎಂದೆ. ಎರಡನೇ ವಾಕ್ಯ ನಿನಗೆ ಮರೆತಿದೆ. ನನಗೆ ಮರೆತಿಲ್ಲ.

ಮೊಸಂಗಿಯರನ್ನು ಹುಟ್ಟಿಸಿದವಳೂ ಕಳಿಸಿದವಳೂ ನಾನು. ನೀನು ಸಾವಿರದ ನಲವತ್ತು ಪುಟ ಖರ್ಚು ಮಾಡಿದೆ. ನನಗೆ ಐದು ಚುಕ್ಕಿ ಸಾಕಾಯಿತು. ಬಾಡಿಗೆ ಮನೆ, ಚಾದಂಗಡಿ, ಒಂದು ಹನಿ ಕಣ್ಣೀರು ಎಂದೆಲ್ಲ ಹಂಗಿಸಿದೆನಲ್ಲ, ಆ ತಿರಸ್ಕಾರಕ್ಕೆ ಅಷ್ಟು ಹರಿತ ಎಲ್ಲಿಂದ ಬಂತೆಂದು ಈಗ ಗೊತ್ತಿದೆ. ಅದನ್ನು ನಾನು ಇಪ್ಪತ್ತಾರು ವರ್ಷ ನನ್ನ ಮೇಲೇ ಸಾಣೆ ಹಿಡಿದಿದ್ದೆ.

ನಿನ್ನ ಪುಸ್ತಕದ ಬಗ್ಗೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಇದ್ದವರನ್ನು ಕಳಿಸಿಬಿಡುವ ಆ ಬಗೆಯ ಚೆಲುವು ನನಗೆ ಈಗಲೂ ಹೇಸಿಗೆಯೇ. ಅದು ನಿನ್ನೊಬ್ಬಳದು ಎಂಬಂತೆ ಬರೆದದ್ದು ಮಾತ್ರ ತಪ್ಪು.

ಇಂದು ಬೆಳಿಗ್ಗೆ ಮಸ್ಕಿಯಲ್ಲಿದ್ದೆ. ಡಿಸೆಂಬರ್ ಆರು ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಬಿಳಿ ಬಟ್ಟೆ ಉಟ್ಟು ಬಾಬಾಸಾಹೇಬರ ಫೋಟೊ ಮುಂದೆ ಮೇಣದ ಬತ್ತಿ ಹಚ್ಚುವ ದಿನ. ಅಜ್ಜಿ ಮಾತ್ರ ಹಸಿರು ಸೀರೆ. ಎಲ್ಲ ಮುಗಿದ ಮೇಲೆ ಆಕೆಗೆ ಚುಕ್ಕಿಯ ವಿಷಯ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನ ಕೈ ನೋಡಿದಳು, ಬರೆಯುವ ಕೈಯನ್ನು.

“ನನ್ನ ಹಾಡಿಗೆ ನಾಚ್ಕಿ ಬಂತೇನು ನಿನಗ?”

“ಹೌದು.”

“ಜ್ವಾಳಕ್ಕ ಅತ್ತೆ ಅಂತ?”

“ಹೌದು.”

“ಆ ಜ್ವಾಳ ತಿಂದ ನಿಮ್ಮಪ್ಪ ಸಾಲಿ ಕಲ್ತಾನ.” ಆಮೇಲೆ ಹೇಳಿದಳು: “ಕಲ್ತ ಮಂದಿ ನೀವಿಬ್ರೂ. ಒಬ್ಬಾಕಿ ಹೆಸರು ನುಂಗಿದ್ಲು. ಒಬ್ಬಾಕಿ ನನ್ನ ನುಂಗಿದ್ಲು. ಆಕಿಗೆ ಹೇಳೀಯೇನು?”

“ಇಲ್ಲ. ಮುಂದಿನ ಭಾನುವಾರ ಬರ್ತಾಳ.”

“ಬರೂಕಿಂತ ಮದ್ಲ ಹೇಳು. ತನ್ನದೇ ತಪ್ಪಂತ ತಿಳ್ಕೊಂಡು ಅಳಾಕ ಬರಬಾರ್ದು. ಅದು ನನಗ ಬ್ಯಾಡ. ಎಲ್ಲಾ ಗೊತ್ತಿದ್ದು ಬಂದ್ರ ಬರ್ಲಿ.”

ನಾನು ಹೂಂ ಎಂದೆ. ಬಸ್ಸಿನಲ್ಲಿ ಕೂತು ದಿನಗಳನ್ನು ಎಣಿಸಿದೆ. ಲಿಂಗಸುಗೂರಿನಿಂದ ಗೊರೇಬಾಳಕ್ಕೆ ಪತ್ರ ತಲುಪಲು ಮೂರು ದಿನ. ಬರುವ ಶುಕ್ರವಾರ ಹಾಕಿದರೆ ನೀನು ಬಂದು, ಅತ್ತು, ಅಜ್ಜಿಯ ಆಸೆ ತೀರಿಸಿ ಹೋದ ಮೇಲೆ ನಿನ್ನ ಕೈ ಸೇರುತ್ತದೆ. ಹೇಳಿದ ಹಾಗೂ ಆಯಿತು, ಕಳೆದುಕೊಳ್ಳುವುದೂ ಇಲ್ಲ. ಇನ್ನೂ ಐದು ಚುಕ್ಕಿ. ಮಸ್ಕಿಯಿಂದ ಮುದಗಲ್ ಕ್ರಾಸಿನ ತನಕ ಆ ಲೆಕ್ಕ ನನಗೆ ಬಹಳ ಸಮಂಜಸವಾಗಿ ಕಂಡಿತು. ಇದನ್ನೂ ನೀನು ತಿಳಿದಿರಬೇಕು.

ಪತ್ರ ಓದಿ ನೀನು ಆ ಬಸ್ಸು ಹತ್ತದೇ ಇದ್ದರೆ ನಾನು ಏನೂ ಅನ್ನುವ ಹಾಗಿಲ್ಲ. ಅಜ್ಜಿಗೆ ನಾನೇ ಹೇಳುತ್ತೇನೆ, ಯಾಕೆ ಬರಲಿಲ್ಲ ಎಂದೂ ಹೇಳುತ್ತೇನೆ. ಬಂದರೆ, ಮೊದಲು ಆಕೆ ಹಾಡುತ್ತಾಳಂತೆ, ಮೂರನೇ ಸಾಲಿನ ಸಮೇತ. ಶಿವಬಸಮ್ಮನವರಿಗೆ ಅಂಗಳದಲ್ಲಿ ಕುರ್ಚಿ ಹಾಕಿಸುತ್ತೇನೆ. ಬೇಡ, ಒಳಗೇ ಹಾಕಿಸುತ್ತೇನೆ.

ನಾಳೆ ಭಾನುವಾರ, ಅಂಚೆ ಇಲ್ಲ. ಇದನ್ನು ಡಬ್ಬಿಗೆ ಹಾಕುವುದು ಸೋಮವಾರ.

ಸಂಘಮಿತ್ರಾ

ಸೋಮವಾರ, 8 ಡಿಸೆಂಬರ್ 2025